ಇವತ್ತು ಎಲ್ಲಿ ಮಲಗಲಿ?

1972ರಲ್ಲಿ ಅಮೆರಿಕದ ಮಿನೆಸೊಟಾ ರಾಜ್ಯದ ಸೇಂಟ್ ಪಾಲ್ ಊರಿನಲ್ಲಿ ಕೆಲವು ಹೆಂಗಸರು ಒಂದು ಟೆಲಿಫೋನ್ ಇಟ್ಟುಕೊಂಡು ಕೂತರು. ಗುಂಪಿನ ಹೆಸರು ವಿಮೆನ್ಸ್ ಅಡ್ವೊಕೇಟ್ಸ್. ವಿಚ್ಛೇದನಕ್ಕೆ ಅರ್ಜಿ ಹಾಕುವುದು ಹೇಗೆ, ಮಕ್ಕಳು ಯಾರ ಪಾಲಿಗೆ, ಜೀವನಾಂಶ ಕೇಳಲು ಯಾರ ಬಳಿ ಹೋಗಬೇಕು ಎಂದು ಕೇಳಿದವರಿಗೆ ದಾರಿ ಹೇಳುವುದು ಅವರ ಉದ್ದೇಶ. ಹೆಣ್ಣುಮಕ್ಕಳಿಗೆ ಕಾನೂನು ಗೊತ್ತಿಲ್ಲ, ಗೊತ್ತಾದರೆ ಅರ್ಧ ಕಷ್ಟ ಕಳೆಯುತ್ತದೆ ಎಂದು ಅವರು ನಂಬಿದ್ದರು. ವಿಚ್ಛೇದನದ ಹಕ್ಕುಗಳ ಬಗ್ಗೆ ಒಂದು ಪುಸ್ತಿಕೆಯನ್ನೂ ಮಾಡಿದ್ದರು.

ಫೋನು ಬಂತು, ಆದರೆ ಅವರು ಅಂದುಕೊಂಡ ಪ್ರಶ್ನೆಗಳಷ್ಟೇ ಬರಲಿಲ್ಲ. ಗಂಡ ಹೊಡೆದಿದ್ದಾನೆ, ಮಕ್ಕಳನ್ನು ಕಟ್ಟಿಕೊಂಡು ಹೊರಗೆ ಬಂದಿದ್ದೇನೆ, ಇವತ್ತು ಎಲ್ಲಿ ಮಲಗಲಿ? ಇದಕ್ಕೆ ಪುಸ್ತಿಕೆಯಲ್ಲಿ ಉತ್ತರವಿರಲಿಲ್ಲ. ಊರಿನಲ್ಲೂ ಇರಲಿಲ್ಲ. ಕೊನೆಗೆ ಫೋನು ಎತ್ತಿದವರೇ ತಮ್ಮ ಮನೆಯ ಬಾಗಿಲು ತೆರೆದರು. ಗುಂಪನ್ನು ಕಟ್ಟಿದವರಲ್ಲಿ ಒಬ್ಬರಾದ ಶರನ್ ರೈಸ್ ವಾನ್ ಅವರ ಮನೆಯಲ್ಲಿಯೂ ಇಂಥ ತಾಯಂದಿರು, ಮಕ್ಕಳು ಬಂದು ತಂಗಿದರು. ತಿಂಗಳಿಗೆ ಇಷ್ಟು ಎಂದು ಗುರುತಿನವರಿಂದ ವಂತಿಗೆ ಎತ್ತಿ, 1974ರಲ್ಲಿ ಗ್ರ್ಯಾಂಡ್ ಅವೆನ್ಯೂ ಬೀದಿಯಲ್ಲಿ ಒಂದು ಮನೆ ಮಾಡಿದರು.

ಅರ್ಜಿಯ ನಮೂನೆಗೂ ಟೆಲಿಫೋನಿಗೂ ಇರುವ ವ್ಯತ್ಯಾಸವನ್ನು ಸಮಾಜಸೇವೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ನಮೂನೆಯಲ್ಲಿ ಕೊಡುವವನು ಮೊದಲೇ ಖಾನೆಗಳನ್ನು ಎಳೆದಿಟ್ಟಿರುತ್ತಾನೆ, ಕೇಳುವವರು ಅದರೊಳಗೇ ತುಂಬಬೇಕು. ಫೋನಿನಲ್ಲಿ ಹಾಗಲ್ಲ, ಆಚೆಯವರು ತಮಗೆ ಬೇಕಾದ್ದನ್ನೇ ಕೇಳುತ್ತಾರೆ. ಸೇಂಟ್ ಪಾಲ್‌ನಲ್ಲಿ ಯಾರೂ ಸಮೀಕ್ಷೆ ಮಾಡಿರಲಿಲ್ಲ. ಫೋನಿನಲ್ಲಿ ಬಂದ ಪ್ರಶ್ನೆಯನ್ನು ತಳ್ಳಿಹಾಕದೆ ಕೇಳಿಸಿಕೊಂಡರು, ಅಷ್ಟೆ.

ಅದೇ ಹೊತ್ತಿಗೆ, ಈ ಸುದ್ದಿ ಏನೂ ತಿಳಿಯದೆ, ಲಂಡನ್ನಿನ ಪಶ್ಚಿಮದಲ್ಲಿರುವ ಚಿಸಿಕ್‌ನಲ್ಲೂ ಹೀಗೇ ಒಂದು ನಡೆದಿತ್ತು. 1971ರಲ್ಲಿ ಎರಿನ್ ಪಿಜ್ಜಿ ಎಂಬಾಕೆ ಮತ್ತು ನೆರೆಯ ಹೆಂಗಸರು ಹೌನ್‌ಸ್ಲೊ ಪುರಸಭೆಯನ್ನು ಕೇಳಿ ಬೆಲ್ಮಾಂಟ್ ಟೆರೇಸ್‌ನಲ್ಲಿ ಒಂದು ಹಾಳು ಬಿದ್ದ ಪುಟ್ಟ ಮನೆ ಪಡೆದರು. ಮನೆಯೊಳಗೇ ಕೂತು ಬೇಸತ್ತ ಗೃಹಿಣಿಯರು ಸೇರಿ ಕಾಫಿ ಕುಡಿಯಲಿ, ಮಕ್ಕಳು ಆಡಲಿ, ದಿನಸಿ ಬೆಲೆ ಏರಿಕೆಯ ವಿರುದ್ಧ ಏನಾದರೂ ಮಾಡೋಣ ಎಂಬಷ್ಟೇ ಅವರ ಆಲೋಚನೆ. ಅಲ್ಲಿಗೆ ಒಬ್ಬಳು ಬಂದು ಮೇಲಂಗಿ ಸರಿಸಿ ಮೈಮೇಲಿನ ಬಾಸುಂಡೆಗಳನ್ನು ತೋರಿಸಿದಳು. ಅವಳು ಮನೆಗೆ ಹೋಗಲಿಲ್ಲ. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕಾಫಿ ಕೋಣೆಯಲ್ಲಿ ಹಾಸಿಗೆ ಬಿದ್ದವು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ನಮ್ಮ ಗಾದೆಯನ್ನು ಇಂಗ್ಲೆಂಡಿನ ಪೊಲೀಸರು ಕೇಳಿರಲಾರರು, ಆದರೆ ಅವರು ನಡೆಯುತ್ತಿದ್ದದ್ದು ಅದರಂತೆಯೇ. ಕರೆದರೆ ಬರುತ್ತಿದ್ದರು, ಇಬ್ಬರಿಗೂ ಬುದ್ಧಿ ಹೇಳಿ ಹೋಗುತ್ತಿದ್ದರು. 1974ರಲ್ಲಿ ಪಿಜ್ಜಿ ಬರೆದ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ಮೆಲ್ಲಗೆ ಚೀರು, ಇಲ್ಲದಿದ್ದರೆ ನೆರೆಯವರಿಗೆ ಕೇಳೀತು. ಮುಂದೆ ಈಕೆ ಚಳವಳಿಯ ಇತರರೊಂದಿಗೆ ಜಗಳವಾಡಿ ದೂರವಾದರು. ಆಮೇಲಿನ ಆಕೆಯ ಮಾತುಗಳಲ್ಲಿ ಹಲವನ್ನು ಒಪ್ಪುವುದು ನನಗೆ ಕಷ್ಟ. ಆದರೂ ಆ ಬಾಗಿಲಿಗೆ ಬಂದವರನ್ನು ಆಕೆ ಹಿಂದಕ್ಕೆ ಕಳಿಸಲಿಲ್ಲ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಹಿಂದಕ್ಕೆ ಕಳಿಸದ್ದೇ ಅಪರಾಧವೂ ಆಯಿತು. ಗುಂಪು ಚಿಸಿಕ್ ಹೈ ರೋಡಿನ ದೊಡ್ಡ ಮನೆಯೊಂದಕ್ಕೆ ಸ್ಥಳಾಂತರವಾಗಿತ್ತು. ಅಲ್ಲಿ 36 ಜನಕ್ಕಿಂತ ಹೆಚ್ಚು ಇರಬಾರದು ಎಂದು ಪುರಸಭೆ ಮಿತಿ ಹಾಕಿತು. ಅಧಿಕಾರಿಗಳು ಬಂದು ಎಣಿಸಿದಾಗ 75 ಮಂದಿ. ಮೊಕದ್ದಮೆ ಬೆಳೆದು ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಇವರೆಲ್ಲ ಒಂದೇ ಅಡುಗೆ, ಒಂದೇ ಸಂಸಾರದಂತೆ ಬಾಳುತ್ತಿದ್ದಾರೆ, ಆದ್ದರಿಂದ ಮಿತಿ ಅನ್ವಯಿಸದು ಎಂಬುದು ಪಿಜ್ಜಿ ಕಡೆಯ ವಾದ. ಇಷ್ಟು ಜನ, ಅದರಲ್ಲೂ ದಿನದಿನಕ್ಕೆ ಬದಲಾಗುವ ಜನ, ಒಂದು ಸಂಸಾರ ಹೇಗಾದಾರು ಎಂದು ಲಾರ್ಡ್‌ಗಳು ಒಪ್ಪಲಿಲ್ಲ. ಪಿಜ್ಜಿ ಸೋತರು. ಕಾನೂನಿನ ಲೆಕ್ಕದಲ್ಲಿ ಆ ತೀರ್ಪು ಸರಿಯೇ ಇರಬಹುದು. ಆದರೆ ಒಂದು ಮನೆ ಕಿಕ್ಕಿರಿದಿದೆ ಎಂದರೆ ಬೇರೆ ಮನೆಗಳು ಬೇಕು ಎಂದೇ ಅರ್ಥವಲ್ಲವೆ? 1975ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೇ ಪ್ರತಿ 10,000 ಜನಸಂಖ್ಯೆಗೆ ಒಂದು ಕುಟುಂಬದ ಜಾಗವಾದರೂ ಇಂಥ ಆಶ್ರಯಗಳಲ್ಲಿ ಇರಬೇಕೆಂದು ಹೇಳಿತ್ತು.

ಇಲ್ಲಿಂದ ಕತೆ ಹಾಸಿಗೆ, ಕಂಬಳಿ ಬಿಟ್ಟು ಕಡತದೊಳಗೆ ಹೋಗುತ್ತದೆ. ನನ್ನ ಮಟ್ಟಿಗೆ ನಿಜವಾದ ಶೋಧ ನಡೆದದ್ದು ಅಲ್ಲೇ.

ಏಟು ತಿಂದು ಓಡಿಬಂದವಳು ಪುರಸಭೆಯ ಕಚೇರಿಗೆ ಹೋಗಿ ಮನೆ ಕೊಡಿ ಎಂದರೆ ಗುಮಾಸ್ತರು ಕಡತ ತೆರೆಯುತ್ತಿದ್ದರು. ಕಡತದ ಪ್ರಕಾರ ಅವಳಿಗೆ ಮನೆ ಇದೆ, ವಿಳಾಸವಿದೆ, ಬಾಡಿಗೆಯೂ ಸಂದಾಯವಾಗುತ್ತಿದೆ. ಮನೆ ಇಲ್ಲದವರೆಂದರೆ ಸೂರು ಕಳೆದುಕೊಂಡವರು, ಹೊರದಬ್ಬಿಸಿಕೊಂಡವರು. 1966ರಲ್ಲಿ ಕೆನ್ ಲೋಚ್‌ನ ‘ಕ್ಯಾಥಿ ಕಮ್ ಹೋಮ್’ ಚಿತ್ರ ಬಿಬಿಸಿಯಲ್ಲಿ ಬಂದಾಗ ದೇಶವೆಲ್ಲ ನೋಡಿ ಮರುಗಿದ್ದೂ ಅಂಥ ಸಂಸಾರವನ್ನೇ. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಬೀದಿಗೆ ಬಿದ್ದರೆ ಕಣ್ಣಿಗೆ ಕಾಣುತ್ತದೆ. ಮನೆ ಹಾಗೇ ನಿಂತಿದೆ, ಗಂಡ ಒಳಗಿದ್ದಾನೆ, ಹೆಂಡತಿ ಮಾತ್ರ ಹೊರಗೆ ಎಂದರೆ ಅದು ಯಾವ ಇಲಾಖೆಯ ಕೆಲಸ? ಪೊಲೀಸರು ಸಂಸಾರದ ವಿಷಯ ಎಂದರು, ವಸತಿ ಇಲಾಖೆ ನ್ಯಾಯಾಲಯಕ್ಕೆ ಹೋಗು ಎಂದಿತು. ನ್ಯಾಯಾಲಯದ ಆದೇಶ ಬರುವ ತನಕ ಎಲ್ಲಿರಬೇಕು ಎಂದು ಯಾರೂ ಹೇಳಲಿಲ್ಲ.

1977ರಲ್ಲಿ ಲಿಬರಲ್ ಪಕ್ಷದ ಸ್ಟೀಫನ್ ರಾಸ್ ತಂದ ಖಾಸಗಿ ಮಸೂದೆ ಕಾಯ್ದೆಯಾಯಿತು. ವಸತಿರಹಿತರಿಗೆ ಮನೆ ಒದಗಿಸುವ ಹೊಣೆಯನ್ನು ಪುರಸಭೆಗಳ ವಸತಿ ಇಲಾಖೆಗೆ ಹೊರಿಸಿದ ಕಾಯ್ದೆ ಅದು. ಅದರ ಮೊದಲ ಕಲಮಿನಲ್ಲೇ ಒಂದು ಮಾತು ಸೇರಿತ್ತು: ಇರಲು ಮನೆಯಿದ್ದರೂ, ಅಲ್ಲಿ ಹೋಗಿ ಇದ್ದರೆ ಅದೇ ಮನೆಯಲ್ಲಿ ಇರುವ ಇನ್ನೊಬ್ಬರಿಂದ ಹಿಂಸೆ ಆಗುವ ಸಂಭವವಿದ್ದರೆ, ಆಕೆ ಮನೆ ಇಲ್ಲದವಳೇ. ಎಷ್ಟು ಸರಳ ಅನ್ನಿಸುತ್ತದೆ ಈಗ! ಏಟು ಬೀಳುವ ಜಾಗ ಮನೆಯಲ್ಲ ಎಂಬುದನ್ನು ಸರ್ಕಾರಿ ಪುಸ್ತಕದಲ್ಲಿ ಬರೆಸಲು ಅಷ್ಟು ಫೋನು, ಅಷ್ಟು ಕಿಕ್ಕಿರಿದ ಕೋಣೆಗಳು ಬೇಕಾದವು.

ಕಾಯ್ದೆ ಬಂದ ಮೇಲೆ ಜಾಣ ಪುರಸಭೆಗಳು ಇನ್ನೊಂದು ಕಿಂಡಿ ಹುಡುಕಿದವು. ಈಕೆ ಈಗ ಆಶ್ರಯದಲ್ಲಿ ಇದ್ದಾಳಲ್ಲ, ತಲೆ ಮೇಲೆ ಸೂರಿದೆಯಲ್ಲ, ಹಾಗಾದರೆ ಮನೆ ಇಲ್ಲದವಳು ಹೇಗಾದಳು? 1982ರಲ್ಲಿ ಈಲಿಂಗ್ ಪುರಸಭೆಯ ಇಂಥ ವಾದವನ್ನು ನ್ಯಾಯಾಲಯ ತಳ್ಳಿಹಾಕಿತು. ಆಶ್ರಯ ಎಂಬುದು ಆಪತ್ತಿಗೆ ಒದಗುವ ತಾತ್ಕಾಲಿಕ ತಾಣ, ಅಲ್ಲಿರುವವಳು ಮನೆ ಇಲ್ಲದವಳಾಗಿಯೇ ಉಳಿಯುತ್ತಾಳೆ ಎಂದಿತು. ಈ ತೀರ್ಪು ಬರದಿದ್ದರೆ ಆಶ್ರಯ ನಡೆಸುವವರು ತಮ್ಮಲ್ಲಿ ಇರುವ ಪ್ರತಿಯೊಬ್ಬಳಿಗೂ ಜಾಗ ಖಾಲಿ ಮಾಡು ಎಂದು ನೋಟಿಸು ಕೊಟ್ಟ ಮೇಲೆಯೇ ಅವಳಿಗೆ ಮನೆ ಸಿಗಬೇಕಾಗುತ್ತಿತ್ತು.

ಇನ್ನೊಂದು ಎಳೆ ನ್ಯೂಯಾರ್ಕಿನದು. ಅದಕ್ಕೂ ಗಂಡ ಹೆಂಡಿರ ಜಗಳಕ್ಕೂ ಮೊದಲಿಗೆ ಸಂಬಂಧವಿರಲಿಲ್ಲ. ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಬೀದಿಯಲ್ಲಿ ಮಲಗುವ ಮಾನಸಿಕ ರೋಗಿಗಳ ನಡುವೆ ಕೆಲಸ ಮಾಡುತ್ತಿದ್ದರು. ಅಲ್ಲಿನ ಪದ್ಧತಿ ಮೆಟ್ಟಿಲಿನದು. ಮೊದಲು ರಾತ್ರಿ ತಂಗುದಾಣ, ಕುಡಿತ ಬಿಟ್ಟರೆ ಮುಂದಿನ ಹಂತ, ಔಷಧಿ ತಪ್ಪದೆ ತಗೊಂಡರೆ ಅದರ ಮುಂದಿನದು, ಎಲ್ಲದರಲ್ಲೂ ಪಾಸಾದವರಿಗೆ ಕೊನೆಗೆ ಸ್ವಂತ ಕೋಣೆ. ಬಹಳ ಜನ ನಡುವೆಯೇ ಜಾರಿ ಮತ್ತೆ ಬೀದಿಗೆ ಬರುತ್ತಿದ್ದರು. ಆಸ್ಪತ್ರೆಗೆ ಸೇರಿಸಿದವರೇ ಕೆಲವು ದಿನಕ್ಕೆ ಅದೇ ಮೂಲೆಯಲ್ಲಿ ಕಾಣುತ್ತಿದ್ದರು. ನಿಮಗೆ ಏನು ಬೇಕು ಎಂದು ಕೇಳಿದರೆ, ಇರಲು ಒಂದು ಜಾಗ ಎನ್ನುತ್ತಿದ್ದರು. ಸೆಂಬೆರಿಸ್ 1992ರಲ್ಲಿ ಪಾಥ್‌ವೇಸ್ ಟು ಹೌಸಿಂಗ್ ಎಂಬ ಸಂಸ್ಥೆ ಕಟ್ಟಿ ಮೆಟ್ಟಿಲುಗಳನ್ನೇ ತೆಗೆದುಹಾಕಿದರು. ಮೊದಲೇ ಬಾಡಿಗೆ ಮನೆ, ಕುಡಿತ ಬಿಡಬೇಕೆಂಬ ಷರತ್ತಿಲ್ಲ. ಬಾಡಿಗೆದಾರ ತನ್ನ ಆದಾಯದಲ್ಲಿ ಶೇ. 30 ಕೊಡಬೇಕು, ಸಂಸ್ಥೆಯವರು ಬಂದು ಮಾತಾಡಿಸಲು ಒಪ್ಪಬೇಕು. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ವರ್ಷದ ನಂತರವೂ ಇವರಲ್ಲಿ ಶೇ. 88 ಮಂದಿ ಮನೆ ಉಳಿಸಿಕೊಂಡಿದ್ದರು. ಮೆಟ್ಟಿಲು ಪದ್ಧತಿಯಲ್ಲಿ ಅದು ಶೇ. 47.

ಈ ಎರಡು ಎಳೆಗಳು ಸೇರಿದ್ದು 2009ರ ಸುಮಾರಿಗೆ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ. ಮನೆಯೊಳಗಿನ ಹಿಂಸೆಯ ವಿರುದ್ಧ ಕೆಲಸ ಮಾಡುವ ಸಂಸ್ಥೆಗಳ ಒಕ್ಕೂಟವು ಗೇಟ್ಸ್ ಪ್ರತಿಷ್ಠಾನದ ಹಣದಿಂದ ಒಂದು ಪ್ರಯೋಗ ಹೂಡಿತು. ಸಂತ್ರಸ್ತೆ ಆಶ್ರಯಕ್ಕೆ ಬರಲೇಬೇಕೆ? ಬೇರೆ ಊರು, ಮಕ್ಕಳಿಗೆ ಬೇರೆ ಶಾಲೆ, ಹೊಡೆದವನು ಆರಾಮವಾಗಿ ಮನೆಯಲ್ಲಿ, ಹೊಡೆಸಿಕೊಂಡವಳು ಹತ್ತು ಜನರ ಜೊತೆ ಒಂದು ಬಚ್ಚಲು. ಇದನ್ನು ತಪ್ಪಿಸಬಹುದೆ? ಒಬ್ಬ ಕಾರ್ಯಕರ್ತೆ ಆಕೆಯ ಜೊತೆ ಕೂತು ಏನು ಬೇಕೆಂದು ಕೇಳುವುದು, ಅದಕ್ಕೆ ಕೈಯಲ್ಲಿ ಸ್ವಲ್ಪ ಹಣ ಇರುವುದು, ಇಷ್ಟೇ ವಿಧಾನ. ಬಾಕಿ ಬಾಡಿಗೆ ಕಟ್ಟಲು, ಹೊಸ ಮನೆಗೆ ಮುಂಗಡ ಕೊಡಲು, ಬಾಗಿಲ ಬೀಗ ಬದಲಿಸಲು, ಕೆಲಸಕ್ಕೆ ಹೋಗುವ ಕಾರು ಕೆಟ್ಟಿದ್ದರೆ ರಿಪೇರಿಗೆ ಹಣ ಹೋಯಿತು. ಒಂದೂವರೆ ವರ್ಷದ ನಂತರ ಶೇ. 96 ಮಂದಿ ಮನೆಯಲ್ಲಿ ನೆಲೆಯಾಗಿದ್ದರೆಂದು ವರದಿಯಾಯಿತು. ಇಂಥ ಮೊದಲ ಅಂಕಿಗಳಿಗೆ ನಾನು ಕುಣಿಯುವವನಲ್ಲ, ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಯಾವ ಶೇಕಡಾವಾರೂ ಚೆಂದ ಕಾಣುತ್ತದೆ. ಆದರೆ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ ಸಲ್ಲಿವನ್ ತಂಡ ವಾಷಿಂಗ್ಟನ್ ರಾಜ್ಯದಲ್ಲೇ 406 ಸಂತ್ರಸ್ತರನ್ನು ಎರಡು ವರ್ಷ ಹಿಂಬಾಲಿಸಿ, ಮಾಮೂಲಿ ನೆರವು ಪಡೆದವರ ಜೊತೆ ಹೋಲಿಸಿ ನೋಡಿತು. ಈ ವಿಧಾನದ ನೆರವು ಸಿಕ್ಕವರ ವಸತಿ ಹೆಚ್ಚು ಭದ್ರವಾಗಿತ್ತು, ಹಿಂಸೆ ಕಡಿಮೆಯಾಗಿತ್ತು.

ಹಾಗೆಂದು ಆಶ್ರಯಗಳನ್ನು ಮುಚ್ಚಿಬಿಡಿ ಎಂದರೆ ಅದು ಮೂರ್ಖತನ. ಚಾಕು ಹಿಡಿದು ಬೆನ್ನಟ್ಟುವ ಗಂಡನಿಂದ ತಪ್ಪಿಸಿಕೊಂಡವಳಿಗೆ ಮೊದಲು ಬೇಕಾದ್ದು ಗುಟ್ಟಾದ ವಿಳಾಸ, ಬಾಡಿಗೆ ಕರಾರಲ್ಲ.

ನಮ್ಮಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದದ್ದು, ಇದೇ ಗಂಟನ್ನು ಇನ್ನೊಂದು ತುದಿಯಿಂದ ಬಿಡಿಸಲು ನೋಡಿತು. ಮನೆ ಯಾರ ಹೆಸರಿನಲ್ಲಿದ್ದರೂ ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ ಎನ್ನುತ್ತದೆ 17ನೇ ಕಲಮು. ಜಾರಿಗೆ ಬಂದ ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಮನೆ ಅತ್ತೆಯ ಹೆಸರಿನಲ್ಲಿದ್ದರೆ ಸೊಸೆಗೆ ಈ ಹಕ್ಕಿಲ್ಲ ಎಂದು ಅದರ ಬೆನ್ನುಮೂಳೆ ಮುರಿಯಿತು. ಅದನ್ನು ಸರಿಪಡಿಸಲು 2020ರ ಅಕ್ಟೋಬರ್ ಬರಬೇಕಾಯಿತು. 19ನೇ ಕಲಮಿನಲ್ಲಿ ಇನ್ನೊಂದು ಅವಕಾಶವಿದೆ: ಅದೇ ಮಟ್ಟದ ಬೇರೆ ಮನೆ ಕೊಡಿಸು ಅಥವಾ ಬಾಡಿಗೆ ಕೊಡು ಎಂದು ಮ್ಯಾಜಿಸ್ಟ್ರೇಟರು ಗಂಡನಿಗೆ ಆದೇಶಿಸಬಹುದು. ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನದೊಳಗೆ ತೀರ್ಮಾನಿಸಲು ಯತ್ನಿಸಬೇಕೆಂದೂ ಕಾಯ್ದೆ ಹೇಳುತ್ತದೆ. ಅಷ್ಟರವರೆಗೆ ಮಧ್ಯಂತರ ಆದೇಶ ಕೇಳಬಹುದು, ಆಶ್ರಯಧಾಮಕ್ಕೆ ಹೋಗಬಹುದು. ಬೆಂಗಳೂರಿನ ಒಂದು ಚಿಕ್ಕ ಮನೆಗೆ ಮುಂಗಡ ಕಟ್ಟಲು ಸರ್ಕಾರವೇ ಹಣ ಕೊಡಬೇಕು ಎಂಬ ಕಲಮು ಮಾತ್ರ ಅದರಲ್ಲಿ ಇಲ್ಲ.