ಊರಿಗೆ ಹೊಸದಾದ ಇರುವೆಗಳನ್ನು ಹುಡುಕಿ ಗುರುತಿಸುವ ಕ್ರಮ

ದಾವಣಗೆರೆ, ಹರಿಹರಗಳ ಸುತ್ತಣ ಭೂಮಿಯು ಸ್ವಭಾವತಃ ಬಯಲುಸೀಮೆಗೆ ಸೇರಿದುದು. ಭದ್ರಾ ನಾಲೆಗಳ ನೀರು ಬಂದ ಮೇಲೆ ಜೋಳ, ಹತ್ತಿಗಳ ಹೊಲಗಳಲ್ಲಿ ಅನೇಕವು ಗದ್ದೆಗಳಾದವು; ಕೆಲವು ಅಡಕೆ, ತೆಂಗಿನ ತೋಟಗಳಾದವು. ತೋಟಕ್ಕೆ ಬೇಕಾದ ಸಸಿಗಳು ಹೊರಗಿನಿಂದಲೂ ಬರುತ್ತವೆ. ಸಸಿಯ ಬೇರಿನ ಮಣ್ಣು, ಸೊಪ್ಪು, ಮರದ ದಿಮ್ಮಿ ಇವುಗಳ ಸಂಗಡ ಇರುವೆಗಳೂ ಪ್ರಯಾಣ ಮಾಡುತ್ತವೆ. ನೆರಳೂ ತೇವವೂ ದೊರೆತ ಕಡೆ ಅವು ನೆಲೆಯೂರುವುದು ಅಸಾಧ್ಯವಲ್ಲ.

ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಜೆರ್ಡನ್ ಎಂಬ ವಿದ್ವಾಂಸರು 1851ರಲ್ಲಿ ಪ್ರಕಟಿಸಿದರು. ಬಿಂಗ್‌ಹ್ಯಾಮ್ ಎಂಬವರ ಗ್ರಂಥವು 1903ರಲ್ಲಿ ಹೊರಬಂದಿತು. ಇಂತಹ ಪಟ್ಟಿಗಳಲ್ಲಿ ಒಂದು ಊರಿನ ಹೆಸರಿಲ್ಲದಿದ್ದರೆ ಆ ಇರುವೆಯು ಅಲ್ಲಿ ಇಲ್ಲವೆಂದು ಅರ್ಥವಲ್ಲ. ಅಲ್ಲಿ ಯಾರೂ ಹುಡುಕಿಲ್ಲವೆಂದೂ ಆಗಬಹುದು. ಆದಕಾರಣ ಹಿಡುವಳಿದಾರರ ಕಣ್ಣೇ ಈ ಕೆಲಸಕ್ಕೆ ಮುಖ್ಯ ಸಾಧನ.

ಗಮನಿಸತಕ್ಕ ಎರಡು ಜಾತಿಗಳು

1. ಚಗಳಿ ಇರುವೆ. ಇದು ಮಲೆನಾಡು, ಕರಾವಳಿಗಳಲ್ಲಿ ಸರ್ವರಿಗೂ ಪರಿಚಿತವಾದುದು. ಬಣ್ಣ ಕೆಂಪು, ದೊಡ್ಡ ಆಳುಗಳು 8ರಿಂದ 10 ಮಿಲಿಮೀಟರು ಉದ್ದ. ಹಸಿರೆಲೆಗಳನ್ನು ಎಳೆದು ಹಿಡಿದು, ತನ್ನ ಮರಿಹುಳುಗಳು ಸುರಿಸುವ ರೇಷ್ಮೆಯ ನೂಲಿನಿಂದ ಹೊಲಿದು ಮರದ ಮೇಲೆ ಗೂಡು ಕಟ್ಟುತ್ತದೆ. ಇದು ಕಚ್ಚಿ ಆಮ್ಲವನ್ನು ಚಿಮ್ಮಿಸುವುದಾದರೂ ಮಾವು, ಗೇರು ಮರಗಳ ಅನೇಕ ಕೀಟಗಳನ್ನು ಹಿಡಿದು ತಿನ್ನುವುದು. ಚೀನಾ ದೇಶದ ಕಿತ್ತಳೆಯ ತೋಟಗಾರರು ಸುಮಾರು 1,700 ವರ್ಷಗಳ ಹಿಂದೆಯೇ ಇದರ ಗೂಡುಗಳನ್ನು ಕೊಂಡು ಮರಗಳಿಗೆ ಕಟ್ಟುತ್ತಿದ್ದರು. ದೋಷವೂ ಉಂಟು: ಸಿಹಿರಸದ ಆಸೆಗಾಗಿ ಹಿಟ್ಟು ತಿಗಣೆಗಳನ್ನು ಕಾಯುತ್ತದೆ.

2. ಹಳದಿ ಹುಚ್ಚಿರುವೆ. ಉದ್ದ 4ರಿಂದ 5 ಮಿಲಿಮೀಟರು. ಮೈ ಹಳದಿ, ಕಾಲು ಮತ್ತು ಮೀಸೆಗಳು ಬಹಳ ಉದ್ದ. ಕದಲಿಸಿದೊಡನೆ ಹುಚ್ಚೆದ್ದಂತೆ ದಿಕ್ಕುದಿಕ್ಕಿಗೆ ಓಡುತ್ತದೆ. ತರಗು, ಕಲ್ಲು, ಬೇರುಗಳ ಕೆಳಗೆ ವಾಸ. ಒಂದೇ ನೆಲೆಯಲ್ಲಿ ಅನೇಕ ರಾಣಿಗಳಿರುತ್ತವೆ. ಇದು ದೇಶಕ್ಕೆ ಹೊಸದಲ್ಲ. ಆದರೆ ಸಂಖ್ಯೆ ಮಿತಿಮೀರಿದರೆ ಅಪಾಯ. ಕ್ರಿಸ್ಮಸ್ ದ್ವೀಪದಲ್ಲಿ ಇದು ಕೋಟ್ಯಂತರ ಕೆಂಪು ಏಡಿಗಳನ್ನು ಕೊಂದಿತು. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂತಮಲೆ ತಪ್ಪಲಿನ ರೈತರು ಇದರಿಂದ ತಮ್ಮ ದನಕುರಿಗಳ ಕಣ್ಣಿಗೆ ಹಾನಿಯಾಯಿತೆಂದು ದೂರಿಕೊಂಡರು.

ಒಂದು ಉಪಕಾರಿ, ಇನ್ನೊಂದು ಅಪಾಯಕಾರಿ. ಗುರುತು ತಿಳಿಯದೆ ವಿಷ ಸಿಂಪಡಿಸುವವರು ಉಪಕಾರಿಯನ್ನು ಕೊಂದು ಅಪಾಯಕಾರಿಗೆ ಜಾಗ ಬಿಟ್ಟುಕೊಟ್ಟಂತಾದೀತು.

ಹುಡುಕುವ ಕ್ರಮ

ಹೊಸ ಸಸಿ ಇಳಿಸಿದ ಸ್ಥಳ, ನಾಲೆಯ ಏರಿ, ತುಂಗಭದ್ರೆಯ ದಂಡೆ, ರೈಲ್ವೆ ಸರಕಿನ ಅಂಗಳ, ದಿಮ್ಮಿಯ ರಾಶಿ ಇವುಗಳನ್ನು ಮೊದಲು ನೋಡತಕ್ಕದ್ದು. ಬಿಸಿಲೇರುವ ಮುನ್ನ ಕಾಗದದ ಚೂರಿನ ಮೇಲೆ ಒಂದು ಕಡೆ ಬೆಲ್ಲದ ನೀರನ್ನೂ ಇನ್ನೊಂದು ಕಡೆ ಒಣಮೀನಿನ ತುಣುಕನ್ನೂ ಇಟ್ಟು ಒಂದು ಗಂಟೆ ಕಾಯಬೇಕು. ಬಂದ ಇರುವೆಗಳಲ್ಲಿ ಹತ್ತಾರನ್ನು ಸಾರಾಯಿ ಸತ್ವ ತುಂಬಿದ ಚಿಕ್ಕ ಸೀಸೆಗೆ ಹಾಕಿ, ಗ್ರಾಮ, ತಾರೀಖು, ಮರ ಅಥವಾ ಸ್ಥಳ, ಹಿಡಿದವರ ಹೆಸರು ಇವುಗಳನ್ನು ಸೀಸದ ಕಡ್ಡಿಯಿಂದ ಬರೆದ ಚೀಟಿಯನ್ನು ಒಳಗೇ ಇಡಬೇಕು. ಮಸಿಯು ಸತ್ವದಲ್ಲಿ ಕರಗಿ ಹೋಗುವುದು. ಚೀಟಿಯಿಲ್ಲದ ಇರುವೆಯು ಸಾಕ್ಷಿಯಾಗಲಾರದು.

ಒಂದೆರಡು ಆಳುಗಳು ಕಂಡ ಮಾತ್ರಕ್ಕೆ ಇರುವೆಯು ನೆಲೆಸಿತೆಂದು ನಿರ್ಧರಿಸಕೂಡದು. ಅವು ಸರಕಿನೊಡನೆ ಬಂದ ದಾರಿಹೋಕವಾಗಿರಬಹುದು. ಮೊಟ್ಟೆಮರಿಗಳಿರುವ ಗೂಡು ಸಿಕ್ಕಿ, ಮಳೆಗಾಲ ಬೇಸಗೆಗಳೆರಡನ್ನೂ ಕಳೆದು ಮರುವರ್ಷವೂ ಅಲ್ಲಿಯೇ ಕಂಡರೆ ನೆಲೆಸಿತೆಂದು ತಿಳಿಯತಕ್ಕದ್ದು. ಹುಡುಕಿಯೂ ಸಿಗದ ಸ್ಥಳ ಮತ್ತು ತಾರೀಖುಗಳನ್ನೂ ಬರೆದಿಡಬೇಕು. ಮುಂದೊಂದು ದಿನ ಸಿಕ್ಕಿದಾಗ, ಅದು ಯಾವಾಗ ಬಂದಿತೆಂಬುದು ಆ ಬರಹದಿಂದಲೇ ತಿಳಿಯುವುದು.

ಜೀವಂತ ಇರುವೆಗಳನ್ನು ಒಂದು ಗ್ರಾಮದಿಂದ ಮತ್ತೊಂದಕ್ಕೆ ಸಾಗಿಸಕೂಡದು. ಸೀಸೆಗಳನ್ನು ಸಮೀಪದ ರೈತ ಸಂಪರ್ಕ ಕೇಂದ್ರಕ್ಕಾಗಲಿ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ತೋರಿಸಿ, ಗುರುತು ಖಚಿತವಾದ ಮೇಲೆ ಔಷಧದ ವಿಚಾರ ಮಾಡುವುದು ಉತ್ತಮ. ಗ್ರಾಮದ ಮುಖಂಡರು ಈ ಸಂಗತಿಯನ್ನು ಓದು ಬಾರದ ರೈತರಿಗೂ ಓದಿ ಹೇಳಬೇಕು.