ಮಕ್ಕಳ ಬಳಿಗೆ ಹೊರಡುವ ಮುನ್ನ

ರಾಯದುರ್ಗ, ಮಡಕಶಿರಾದ ನಮ್ಮ ಮನೆಗಳಲ್ಲಿ ಮಾತು ಕನ್ನಡ, ದಾಖಲೆ ತೆಲುಗು. ತಂದೆತಾಯಿಯರನ್ನು ಕಾಯಂ ವಾಸಕ್ಕೆ ಅಮೆರಿಕಕ್ಕೆ ಕರೆಸಿಕೊಳ್ಳಲು ಮಗನಿಗೆ ಅಲ್ಲಿನ ಪೌರತ್ವವಿರಬೇಕು, 21 ವರ್ಷ ತುಂಬಿರಬೇಕು. ಬರೀ ಗ್ರೀನ್ ಕಾರ್ಡ್ ಸಾಲದು.

ತೆಲುಗು ದಾಖಲೆಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಜನನ ನೋಂದಣಿ ಇಲ್ಲದ ಹಿರಿಯರು ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆದು, ಶಾಲೆಯ ದಾಖಲೆ, ಬಲ್ಲವರ ಅಫಿಡವಿಟ್ ಜೋಡಿಸಬೇಕು. ಒಂದರಲ್ಲಿ ಪದ್ಮಾವತಮ್ಮ, ಇನ್ನೊಂದರಲ್ಲಿ ಪದ್ಮಾವತಿ ಎಂದಿದ್ದರೆ ವಕೀಲರಿಗೆ ಮೊದಲೇ ತಿಳಿಸಿ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹಳೆಯ ಪತ್ರದಲ್ಲಿ ಅನಂತಪುರ ಜಿಲ್ಲೆ ಎಂದಿದ್ದರೆ ಗಾಬರಿ ಬೇಡ.

ವಕೀಲರಿಗೆ ಅಲ್ಲಿನ ಸನದು ಇದೆಯೇ ಎಂದು ವಿಚಾರಿಸಿ. ವೀಸಾ ಗ್ಯಾರಂಟಿ ಎನ್ನುವವರನ್ನು ನಂಬಬೇಡಿ. ಒಂದು ಸುಳ್ಳು ಕಾಗದ ಆಜೀವ ಬಾಗಿಲು ಮುಚ್ಚಿಸಬಹುದು. ಅಂಗಡಿಯ ಲೆಕ್ಕದಂತೆ ಇದೂ ಸತ್ಯವಾಗಿರಲಿ.