ತಪ್ಪು ಲೆಕ್ಕದ ಕೋರ್

1.1ರ 53ನೆಯ ಘಾತ ಸುಮಾರು 156. ಫೇಸ್‌ಬುಕ್‌ನ ಒಂದು ಸರ್ವರ್‌ನಲ್ಲಿ ಅದು ಸೊನ್ನೆ ಎಂದು ಬಂತು. ಫೈಲಿನ ಗಾತ್ರವನ್ನು ಆ ಲೆಕ್ಕದಿಂದಲೇ ತಿಳಿಯುತ್ತಿದ್ದ ತಂತ್ರಾಂಶ, ಫೈಲ್ ಖಾಲಿಯಿದೆ ಎಂದು ನಂಬಿ ಅದನ್ನು ಬರೆಯದೆಯೇ ಮುಂದೆ ಹೋಯಿತು. ಯಂತ್ರ ನಿಲ್ಲಲಿಲ್ಲ, ಯಾವ ಎಚ್ಚರಿಕೆಯೂ ಮೂಡಲಿಲ್ಲ. ಎಂಜಿನಿಯರುಗಳು ಜಾಲಾಡಿದಾಗ ಸಿಕ್ಕಿಬಿದ್ದದ್ದು ಪ್ರೊಸೆಸರ್‌ನ ಹಲವು ಲೆಕ್ಕ ಘಟಕಗಳಲ್ಲಿ (ಕೋರುಗಳಲ್ಲಿ) 59ನೆಯದು ಒಂದೇ. ಈ ವಿವರ ಪ್ರಕಟವಾದದ್ದು 2021ರಲ್ಲಿ.

ಅದೇ ವರ್ಷ ಗೂಗಲ್ ಹೇಳಿದ ಸಂಗತಿ ಇನ್ನೂ ವಿಚಿತ್ರ. ಒಂದು ಕೋರ್ ದತ್ತಾಂಶವನ್ನು ತಪ್ಪಾಗಿ ಗೂಢಲಿಪಿಗೆ ಇಳಿಸುತ್ತಿತ್ತು, ಮತ್ತೆ ತಾನೇ ಅಷ್ಟೇ ತಪ್ಪಾಗಿ ಬಿಡಿಸುತ್ತಿತ್ತು. ಹಾಗಾಗಿ ಅಲ್ಲೇ ಪರೀಕ್ಷಿಸಿದರೆ ಎಲ್ಲವೂ ಸರಿ, ಬೇರೆ ಯಂತ್ರದಲ್ಲಿ ತೆರೆದರೆ ಬರೀ ಕಸ. ಹತ್ತು ಲಕ್ಷಕ್ಕೂ ಮಿಕ್ಕಿದ ಪ್ರೊಸೆಸರ್‌ಗಳನ್ನು ಪರೀಕ್ಷಿಸಿದ ಅಲಿಬಾಬಾ, ಹತ್ತು ಸಾವಿರಕ್ಕೆ 3.61ರಂತೆ ಇಂಥ ದೋಷವಿದೆ ಎಂದು 2023ರಲ್ಲಿ ವರದಿ ಮಾಡಿತು. ಲಕ್ಷ ಪ್ರೊಸೆಸರ್‌ಗಳ ದತ್ತಾಂಶ ಕೇಂದ್ರದಲ್ಲಿ ಮೂವತ್ತಾರು ಎಂದಾಯಿತು. ಮೆಮೊರಿಯ ತಪ್ಪನ್ನು ತಿದ್ದಲು ಇಸಿಸಿ ಎಂಬ ವ್ಯವಸ್ಥೆ ಇದೆ. ಕೂಡಿ ಗುಣಿಸುವ ಘಟಕಕ್ಕೆ ಅಂಥ ಕಾವಲು ಸಾಮಾನ್ಯವಾಗಿ ಇಲ್ಲ.

ಕೆಟ್ಟ ಕೋರ್ ಗೊತ್ತಾದರೆ ಅದನ್ನು ಮುಚ್ಚಬಹುದು. ಲಿನಕ್ಸ್‌ನಲ್ಲಿ ಒಂದು ಸಾಲಿನ ಆದೇಶ ಸಾಕು, ರೀಬೂಟ್ ಕೂಡ ಬೇಡ. ಒಂದು ಕೋರ್ ಎರಡರಂತೆ ದುಡಿಯುವ ಹೈಪರ್‌ಥ್ರೆಡಿಂಗ್ ಇದ್ದರೆ ಆ ಕೋರಿನ ಎರಡೂ ಥ್ರೆಡ್‌ಗಳನ್ನು ಮುಚ್ಚಬೇಕು, ಅಷ್ಟೇ. ವೇಗ ಎಷ್ಟು ಕುಸಿಯುತ್ತದೆ? 64 ಕೋರುಗಳಲ್ಲಿ ಒಂದು ಹೋದರೆ ನೂರಕ್ಕೆ ಒಂದೂವರೆಯಷ್ಟು. ಹಂಚಿಕೊಂಡ ಕ್ಯಾಶ್‌ನಲ್ಲಿ ಉಳಿದವಕ್ಕೆ ತುಸು ಹೆಚ್ಚು ಪಾಲು ಸಿಗುವುದರಿಂದ ಕೆಲವೊಮ್ಮೆ ಅಷ್ಟೂ ಇಲ್ಲ. ಆದರೆ ಈ ಸರಾಸರಿ ಎಲ್ಲ ಕಡೆ ನಡೆಯುವುದಿಲ್ಲ. ನಾಲ್ಕು ನಾಲ್ಕು ಕೋರುಗಳ ವರ್ಚುವಲ್ ಮಷೀನ್‌ಗಳನ್ನು ಬಾಡಿಗೆಗೆ ಕೊಡುವವನಿಗೆ 64ರಲ್ಲಿ ಹದಿನಾರು ಕೂರುತ್ತಿದ್ದವು, 63ರಲ್ಲಿ ಹದಿನೈದೇ. ಮೂರು ಒಳ್ಳೆಯ ಕೋರುಗಳೂ ಸುಮ್ಮನೆ ಕೂತವು, ನಷ್ಟ ನೂರಕ್ಕೆ ಆರು ದಾಟಿತು. ಒಂದು ಲೆಕ್ಕವನ್ನು 64 ಸಮಪಾಲು ಮಾಡಿ, ಎಲ್ಲ ಮುಗಿಯುವವರೆಗೆ ಕಾಯುವ ವೈಜ್ಞಾನಿಕ ತಂತ್ರಾಂಶದ ಪಾಡು ಇನ್ನೂ ಕೆಟ್ಟದು: ಉಳಿದ ಒಂದು ಪಾಲಿಗಾಗಿ ಮತ್ತೊಂದು ಸುತ್ತು ಬೇಕು, ಸಮಯ ಹೆಚ್ಚುಕಡಿಮೆ ಇಮ್ಮಡಿ.

ಅಪಾಯ ಇರುವುದು ಇಲ್ಲೇ. ವೇಗದ ನಷ್ಟ ಮೀಟರಿನಲ್ಲಿ ಕಾಣುತ್ತದೆ, ಗ್ರಾಹಕ ದೂರುತ್ತಾನೆ. ತಪ್ಪು ಉತ್ತರ ಯಾವ ಮೀಟರಿನಲ್ಲೂ ಕಾಣುವುದಿಲ್ಲ. ಹೀಗಿರುವಾಗ ಅನುಮಾನದ ಕೋರನ್ನು ಮುಚ್ಚಲು ಯಾರಿಗೆ ಮನಸ್ಸು ಬಂದೀತು? ಬಿಟ್ಟರೆ ಕೆಟ್ಟ ಲೆಕ್ಕ ಬ್ಯಾಕಪ್ಪಿಗೂ ಇಳಿಯುತ್ತದೆ, ಆಮೇಲೆ ಹಿಂದಿರುಗಲು ಒಳ್ಳೆಯ ಪ್ರತಿಯೂ ಉಳಿಯುವುದಿಲ್ಲ.

ಇಂಥ ದೋಷಗಳು ಹೆಚ್ಚುವ ಲಕ್ಷಣಗಳೇ ಕಾಣುತ್ತಿವೆ. 2024ರಲ್ಲಿ ಬಂದ ಎಎಂಡಿಯ ಎಪಿಕ್ 9965ರಲ್ಲಿ 192 ಕೋರುಗಳಿವೆ. ಟ್ರಾನ್ಸಿಸ್ಟರುಗಳು ಕಿರಿದಾಗುತ್ತಲೇ ಇವೆ. ಕಾರ್ಖಾನೆಯ ಪರೀಕ್ಷೆ ಎಲ್ಲ ಆದೇಶ, ಎಲ್ಲ ಅಂಕಿ, ಎಲ್ಲ ಉಷ್ಣತೆಯ ಜೋಡಣೆಗಳನ್ನು ಮುಟ್ಟಲಾರದು. ವರ್ಷಗಟ್ಟಲೆ ದುಡಿದ ಮೇಲೆ ಹುಟ್ಟುವ ದೋಷವನ್ನಂತೂ ಮೊದಲೇ ಹಿಡಿಯುವಂತಿಲ್ಲ. ಗ್ರಾಫಿಕ್ಸ್ ಚಿಪ್ಪುಗಳೂ ಹೊರತಲ್ಲ: 16,384 ಜಿಪಿಯುಗಳಲ್ಲಿ ಲಾಮಾ 3 ಎಂಬ ಎಐ ಮಾದರಿಗೆ ತರಬೇತಿ ನಡೆಸುವಾಗ, 54 ದಿನಗಳಲ್ಲಿ ಆರು ಅಡಚಣೆಗಳಿಗೆ ಇಂಥ ಮೌನ ದೋಷವೇ ಕಾರಣ ಎಂದು ಮೆಟಾ ದಾಖಲಿಸಿದೆ. ಅವು ಸಿಕ್ಕಿಬಿದ್ದವು ಮಾತ್ರ.

ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಹೆಚ್ಚುವರಿ ಕೋರುಗಳನ್ನು ಮೊದಲೇ ಮೀಸಲಿಟ್ಟಿರುತ್ತಾರೆ. ಒಂದು ಕೆಟ್ಟರೆ ಇನ್ನೊಂದು ತಾನಾಗಿ ಅದರ ಕೆಲಸಕ್ಕೆ ನಿಲ್ಲುತ್ತದೆ. ಸರ್ವರ್ ನಡೆಸುವವರು ಆ ಪಾಠ ಕಲಿಯಲಿ. 64 ಕೋರುಗಳಿಗೆ 60ರಷ್ಟೇ ಕೆಲಸ ಹಚ್ಚಿ, ಉತ್ತರ ಗೊತ್ತಿರುವ ಲೆಕ್ಕಗಳನ್ನು ಪ್ರತಿ ಕೋರಿಗೂ ಆಗಾಗ ಕೊಟ್ಟು ನೋಡಿ, ತಪ್ಪಿದ್ದನ್ನು ಅಂದೇ ಮುಚ್ಚಲಿ.